ಮೈದಾನದಲ್ಲಿ ಎತ್ತಿದ ಕೈ

ಶೀನ, ನನ್ನ ಗ್ಯಾರೇಜಿನ ಅರ್ಧವೇ,

ಥಾಣೆಯ ರಾತ್ರಿ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು, ಹಗಲೆಲ್ಲ ಹೋಟೆಲಿನ ಟೇಬಲ್ ಒರೆಸಿದ ಕೈಯಲ್ಲಿ ಕನ್ನಡ ಬರೆದದ್ದು ನೆನಪಿದೆಯಾ? ಜೀವಮಾನವಿಡೀ ನಾವು ಮಾತಾಡಿದ್ದು ತುಳು. ಗಿರಾಕಿಗಳ ಹತ್ತಿರ ಹಿಂದಿ, ಮರಾಠಿ. ಆದರೆ ಕೈಗೆ ಬರೆಯಲು ಬರುವುದು ಕನ್ನಡ ಒಂದೇ. ಹಾಗಾಗಿ ಕನ್ನಡದಲ್ಲೇ ಓದಿಕೋ. ಸತ್ತವನಿಗೆ ಕಾಗದ ಬರೆಯುವುದು ಮಂಗಾಟ ಎಂದು ನೀನು ನಗುತ್ತೀಯ, ನಗು. ಇವತ್ತು ಆಯುಧಪೂಜೆ. ಇವತ್ತು ನಮ್ಮ ಗ್ಯಾರೇಜಿನಲ್ಲಿ ಆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಮಳೆಗಾಲದ ಆ ಬೆಳಿಗ್ಗೆ ನೀನು ಫೋನ್ ಮಾಡಿ, "ಸ್ವಲ್ಪ ಜ್ವರ ಮಾರಾಯ, ಇವತ್ತು ನೀನೇ ಬಾಗಿಲು ತೆಗೆ" ಎಂದೆ. ನಾನು ಬಯ್ದೆ. ಮಳೆ ಬಂತು ಎಂದರೆ ನಿನಗೆ ಜ್ವರ, ಬಿಸಿಲು ಬಂತು ಎಂದರೆ ನಿನಗೆ ಸೊಂಟನೋವು ಎಂದೆ. ನಮ್ಮಿಬ್ಬರ ನಡುವೆ ಅದೇ ಕೊನೆಯ ಮಾತು ಎಂದು ಯಾರಿಗೆ ಗೊತ್ತಿತ್ತು? ಡೊಂಬಿವಲಿಯ ಆಸ್ಪತ್ರೆಗೆ ನಾನು ಬರುವಷ್ಟರಲ್ಲಿ ನೀನು ಕಣ್ಣು ಬಿಡುತ್ತಿರಲಿಲ್ಲ. ಬಂದ ಜ್ವರ ನಿನ್ನನ್ನು ಕರೆದುಕೊಂಡೇ ಹೋಯಿತು. ನಿನ್ನ ಉತ್ತರಕ್ರಿಯೆಯ, ಬೊಜ್ಜದ ದಿನ ಎಲೆಯ ಮುಂದೆ ಕೂತು ನಾನು ಒಂದು ತುತ್ತೂ ತಿನ್ನಲಿಲ್ಲ. ಲಲಿತಕ್ಕ ಬಂದು, "ಊಟ ಮಾಡಿ ವಾಸಣ್ಣ, ಅವರಿಗೆ ಸಮಾಧಾನ ಆಗ್ಲಿ" ಎಂದರು. ಗಂಡನನ್ನು ಕಳೆದುಕೊಂಡ ಅವರು ನನಗೆ ಸಮಾಧಾನ ಹೇಳಬೇಕಾಯಿತು.

ರಬಾಳೆಯ ತಗಡಿನ ಪ್ರೆಸ್ ಶಾಪ್ ಮುಚ್ಚಿ, ಕೆಲಸ ಹೋಗಿ ನಾನು ಮನೆಯಲ್ಲಿ ಕೂತಿದ್ದಾಗ ನೀನು ಬಂದು ಕರೆದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಲ್ಯಾಣದಲ್ಲಿ ಒಂದು ಗಾಳಾ, ಷಟರಿನ ಮಳಿಗೆ, ಹಿಡಿದಿದ್ದೇನೆ, ಹಿಂದೆ ದೊಡ್ಡ ಮೈದಾನ ಇದೆ, ಬಾ ಎಂದೆ. ಬಂದು ನೋಡಿದರೆ ನೀನು ಎಲ್ಲ ಕೆಲಸ ಬಿಟ್ಟು ಒಂದನ್ನೇ ಹಿಡಿದಿದ್ದೆ, ಡ್ರೈವ್ ಶಾಫ್ಟ್. ಎಂಜಿನಿನ ಬಲ ಮುಂದಿನ ಚಕ್ರಕ್ಕೆ ಹೋಗುವುದು ಆ ಉಕ್ಕಿನ ದಂಡದ ಮೂಲಕ, ಚಕ್ರ ಎಷ್ಟು ತಿರುಗಿದರೂ ಹಿಡಿತ ಬಿಡದ ಗಂಟು ಅದರ ತುದಿಯಲ್ಲಿ, ಅದೇ ಸಿ.ವಿ. ಜಾಯಿಂಟ್ ಎಂದು ಕೈ ಮಡಚಿ, ಮೊಣಕೈ ತಿರುಗಿಸಿ ತೋರಿಸಿದೆ. ಗಂಟಿನ ಮೇಲಿನ ರಬ್ಬರ್ ಬೂಟ್ ಹರಿದರೆ ಒಳಗೆ ಮಳೆನೀರು, ಮರಳು. ಗ್ರೀಸ್ ಹೋಗುತ್ತದೆ, ಒಳಗಿನ ಉಕ್ಕಿನ ಉಂಡೆಗಳು ಸವೆಯುತ್ತವೆ, ಗಾಡಿ ತಿರುಗುವಾಗ ಟಕ್ ಟಕ್ ಎನ್ನುತ್ತದೆ. "ಈ ಊರಿನ ರಸ್ತೆ ಇರುವಷ್ಟು ದಿನ ನಮಗೆ ಅನ್ನ ಉಂಟು ವಾಸು" ಎಂದೆ. ರಸ್ತೆಗಳು ಹಾಗೆಯೇ ಇವೆ, ನೀನೇ ಇಲ್ಲ.

ಮೊದಲ ಗಾಡಿಯನ್ನು ಮೈದಾನಕ್ಕೆ ತಂದ ದಿನ ನೀನು ನನ್ನನ್ನೇ ಸ್ಟೇರಿಂಗಿಗೆ ಕೂರಿಸಿದೆ. ಪೂರ್ತಿ ಒಂದು ಕಡೆಗೆ ತಿರುಗಿಸಿ ಮೆಲ್ಲಗೆ ಸುತ್ತು ಹೊಡೆ, ಆಮೇಲೆ ಇನ್ನೊಂದು ಕಡೆಗೆ ಎಂದೆ. ನೀನು ಆ ಸುತ್ತಿನೊಳಗೆ ಗಾಡಿಯ ಜೊತೆಜೊತೆಗೆ ತಲೆ ವಾರೆ ಮಾಡಿಕೊಂಡು ನಡೆದೆ. ಸ್ವಲ್ಪ ಹೊತ್ತಿಗೆ ನಿಂತು ಎಡಗೈ ಎತ್ತಿದೆ. ಅಂದರೆ ಎಡಗಡೆಯ ಜಾಯಿಂಟ್ ಹೋಗಿದೆ. ಬಲಗೈ ಎತ್ತಿದರೆ ಬಲಗಡೆಯದು. ಬೂಟ್ ಹರಿದಿದ್ದರೆ ಯಾರಿಗಾದರೂ ಕಣ್ಣಿಗೆ ಕಾಣುತ್ತದೆ. ಬೂಟ್ ಸರಿಯಿದ್ದು ಒಳಗೆ ಸವೆದಿದ್ದರೆ ಕಿವಿಯೇ ಬೇಕು, ನಿನ್ನ ಕಿವಿ ತಪ್ಪಿದ್ದು ನಾನು ನೋಡಲಿಲ್ಲ. ಒಮ್ಮೆ ನಾನು ಮಾತಿಗೆಂದು, "ನನಗೂ ನಡೆಯಲು ಕೊಡು, ನೀನು ಓಡಿಸು" ಎಂದೆ. ನೀನು ಸೊಂಟ ಹಿಡಿದುಕೊಂಡು, "ಕೂತ್ರೆ ಏಳ್ಲಿಕ್ಕೆ ಆಗುದಿಲ್ಲ ಮಾರಾಯ, ನೀನೇ ಕೂತ್ಕೋ" ಎಂದೆ. ಬಾಣಂತಿಯ ಹಾಗೆ ಸೊಂಟ ಹಿಡ್ಕೊಳ್ತಿ ಎಂದು ನಾನು ಎಷ್ಟು ಸಲ ತಮಾಷೆ ಮಾಡಿಲ್ಲ! ಆದರೂ ಪ್ರತಿ ಸಲ ಊರಿಗೆ ಹೋದಾಗ ಪಂಡಿತರ ಹತ್ತಿರ ನಿನಗೆಂದೇ ಸೊಂಟದ ಎಣ್ಣೆ ಮಾಡಿಸಿ ತರುತ್ತಿದ್ದೆ.

ಪ್ರೆಸ್ ಶಾಪಿನಲ್ಲಿ ತಗಡಿನ ಮೇಲೆ ಅಚ್ಚಿನ ಡೈ ಬೀಳುವ ಸದ್ದಿನ ನಡುವೆ ನಾನು ಕಳೆದ ವರ್ಷಗಳನ್ನು ನೀನು ನೋಡಿದವನಲ್ಲ. ಅಲ್ಲೇ ನನ್ನ ಕಿವಿ ಹೋದದ್ದು. ಪೂರ್ತಿ ಅಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡರೆ ಕೇಳುತ್ತದೆ, ಎದುರು ಕೂತು ಮಾತಾಡಿದರೆ ಕೇಳುತ್ತದೆ, ತುಟಿ ಕಂಡರೆ ಸಾಕು. ದೂರದಿಂದ ಕೂಗಿದ್ದು ಕೇಳುವುದಿಲ್ಲ, ಸಣ್ಣ ಸದ್ದುಗಳಂತೂ ಇಲ್ಲವೇ ಇಲ್ಲ. ಚಮಚ ಬಿದ್ದದ್ದು, ಗಡಿಯಾರ, ಈ ಹಾಳು ಟಕ್ ಟಕ್. ನಿನಗೆ ನಾನು ಹೇಳಲಿಲ್ಲ. ಕಿವುಡನನ್ನು ಗ್ಯಾರೇಜಿನಲ್ಲಿ ಇಟ್ಟುಕೊಂಡು ಏನು ಮಾಡುವುದು ಎಂದು ನೀನು... ಬಿಡು. ನಾನು ಓಡಿಸಿದೆ, ನೀನು ಕೇಳಿದೆ, ಬಿಚ್ಚಿ ಜೋಡಿಸುವುದಕ್ಕೆ ನನ್ನ ಕೈ ಇತ್ತು. ಹಾಗೆಯೇ ನಡೆಯಿತು. ನಿನಗೆ ಗೊತ್ತೇ ಇಲ್ಲ ಎಂದು ನಾನು ನಂಬಿದ್ದೆ.

ನೀನು ಹೋದ ಮೇಲೆ ಮೊದಲು ಬಂದ ಗಾಡಿಯನ್ನು ಮೈದಾನಕ್ಕೆ ತೆಗೆದುಕೊಂಡು ಹೋಗಿ ನಾನೊಬ್ಬನೇ ಸುತ್ತು ಹೊಡೆದೆ. ಕಿಟಕಿ ಇಳಿಸಿದೆ, ತಲೆ ಹೊರಗೆ ಹಾಕಿದೆ. ಎಂಜಿನಿನ ಗುಂಯ್ ಬಿಟ್ಟು ಏನೂ ಇಲ್ಲ. ನೀನು ನಡೆಯುತ್ತಿದ್ದ ಜಾಗದಲ್ಲಿ ಹುಲ್ಲು ಬೆಳೆದಿರಲಿಲ್ಲ, ಮಣ್ಣು ಗಟ್ಟಿಯಾಗಿ ಒಂದು ದಾರಿ ಬಿದ್ದಿತ್ತು. ನಾನು ಬ್ರೇಕ್ ಹಾಕಿ ಸ್ಟೇರಿಂಗಿನ ಮೇಲೆ ತಲೆ ಇಟ್ಟು ಅತ್ತೆ ಶೀನ. ಆಮೇಲೆ ಗಿರಾಕಿಗೆ, ಬೇರೆ ಕಡೆ ತೋರಿಸಿ, ನಮ್ಮಲ್ಲಿ ಈಗ ಆ ಕೆಲಸ ಇಲ್ಲ ಎಂದು ಹೇಳಿ ಕಳಿಸಿದೆ. ಅದರ ನಂತರ ಬಂದವನಿಗೂ ಹಾಗೇ ಹೇಳಿದೆ. ಭಿವಂಡಿಯ ಗೋಡೌನಿನ ಮ್ಯಾನೇಜರ್, ನಿನ್ನನ್ನು ಹುಡುಕಿಕೊಂಡು ಬರುತ್ತಿದ್ದವನು, ಅವನನ್ನೂ ಕಳಿಸಿದೆ. ಊಹೆಯ ಮೇಲೆ ಒಂದು ಕಡೆ ಬಿಚ್ಚಿ, ಜನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ಸವೆದ ಗಂಟನ್ನು ಹಾಗೆಯೇ ಬಿಡುವುದು ನನ್ನಿಂದ ಆಗುವುದಿಲ್ಲ. ಕೊನೆಗೆ ಎಣ್ಣೆ ಬದಲಿಸುವ, ಬ್ರೇಕ್ ನೋಡುವ ಕೆಲಸ ಮಾತ್ರ ಉಳಿಯಿತು. ಪಕ್ಕದ ಟೈರ್ ಅಂಗಡಿಯವನು ಬಂದು, ಗಾಳಾ ನನಗೆ ಬಿಟ್ಟುಕೊಡಿ, ದಸರಾಕ್ಕೆ ಹೇಳಿ ಎಂದ. ನಾನು ಇಲ್ಲ ಎನ್ನಲಿಲ್ಲ. ನಾಳೆ ದಸರಾ.

ಹೋದ ವರ್ಷದ ಆಯುಧಪೂಜೆಗೆ ನೀನು ಮಾಡಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಎಲ್ಲರೂ ಹೊಸ ಜ್ಯಾಕ್, ಹೊಸ ಸ್ಪ್ಯಾನರುಗಳಿಗೆ ಹೂವು ಹಾಕುತ್ತಾರೆ. ನೀನು ಆ ವರ್ಷ ನಾವು ಬಿಚ್ಚಿದ್ದರಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದ ಜಾಯಿಂಟನ್ನು ಸೀಮೆಎಣ್ಣೆಯಲ್ಲಿ ತೊಳೆದು, ಪೀಠದ ಮೇಲಿಟ್ಟು, ಕುಂಕುಮ ಹಚ್ಚಿದೆ. ಭಟ್ಟರು ಮುಖ ಸಿಂಡರಿಸಿ, "ಗುಜರಿಗೆ ಎಂಥ ಪೂಜೆ?" ಎಂದಾಗ, "ದುಡಿದದ್ದು ಅದು ಭಟ್ರೆ, ಹೊಸತು ಇನ್ನೂ ಎಂತ ಮಾಡಿದೆ?" ಎಂದೆ. ನೀನು ಹೋದ ಮೇಲೆ ನಾನು ಒಂದೂ ಬಿಚ್ಚಲಿಲ್ಲ. ಪೂಜೆಯೇ ಬೇಡ, ಸುಮ್ಮನೆ ಬಾಗಿಲು ತೆಗೆದು ನಾಳೆಗೆ ಉಳಿದ ಸಾಮಾನು ಕಟ್ಟುವುದು ಎಂದುಕೊಂಡು ಬೆಳಿಗ್ಗೆ ಹೋದೆ.

ಷಟರ್ ಎತ್ತಿ ತಿರುಗುವಾಗ ಲಲಿತಕ್ಕ ನಿಂತಿದ್ದರು. ಡೊಂಬಿವಲಿಯಿಂದ ಲೋಕಲ್ ಹಿಡಿದು ಬಂದಿದ್ದರು, ಕೈಯಲ್ಲಿ ಚೆಂಡು ಹೂವಿನ ಚೀಲ.

"ಈ ವರ್ಷ ನಿಮಗೆ ಹಬ್ಬ ಇಲ್ಲವಲ್ಲ ಅಕ್ಕ" ಎಂದೆ.

"ನಮಗಿಲ್ಲ. ಗ್ಯಾರೇಜಿಗೆ ಉಂಟಲ್ಲ" ಎಂದರು. ಒಳಗೆ ಬಂದು ಕಟ್ಟಿಟ್ಟ ಪೆಟ್ಟಿಗೆಗಳನ್ನು ನೋಡಿದರು. "ಇದೆಂತ ವಾಸಣ್ಣ? ಎಲ್ಲಿಗೆ ಹೊರಟದ್ದು?"

ನಾನು ಟೈರ್ ಅಂಗಡಿಯವನ ವಿಷಯ ಹೇಳಿದೆ. ಅವರು ನಿನ್ನ ಸ್ಟೂಲಿನ ಮೇಲೆ ಕೂತು ಹೂವಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಇದು ಕೂಡ ಹೋಗುವುದಾದರೆ ನೀನು ಈ ಊರಿಗೆ ಎಂದೂ ಬಂದೇ ಇರದಂತೆ ಆಗುತ್ತದೆ ಎಂದು ನನ್ನ ಮುಖ ನೋಡಿ ಅಂದರು.

ಅಷ್ಟರಲ್ಲಿ ಖಾರಘರದ ಮ್ಹಾತ್ರೆ ಬಂದ. ನಿನ್ನ ಪ್ರೀತಿಯ ಟ್ಯಾಕ್ಸಿಯವನು, ದಾರಿಯಲ್ಲಿ ಅಷ್ಟು ಗ್ಯಾರೇಜು ಬಿಟ್ಟು ಇಲ್ಲಿಗೇ ಬರುವವನು. ಗಾಡಿ ಕಾಂಪೌಂಡಿನ ಒಳಗೆ ತಿರುಗಿ ನಿಂತಿತು. "ಅಣ್ಣಾ, ಪುನ್ಹಾ ಆವಾಜ್ ಯೇತೋಯ್" ಎಂದ. ಮತ್ತೆ ಸದ್ದು. ಬೇರೆ ಕಡೆ ತೋರಿಸು ಎಂದು ಅವನಿಗೂ ಹೇಳಿದೆ. "ಶೀನಾ ಅಣ್ಣಾ ನಹೀಂ, ಪರ್ ಆಪ್ ತೋ ಹೈ ನಾ?" ಶೀನಣ್ಣ ಇಲ್ಲ, ನೀವಾದರೂ ಇದ್ದೀರಲ್ಲ ಎಂದು ಅವನು ಬೇಸರದಿಂದ ಕೇಳಿದ. ನಾನು ಲಲಿತಕ್ಕನ ಕಡೆಗೆ ತಿರುಗಿದೆ.

"ಎಡಗಡೆಯದು ಅಂತ ಕಾಣ್ತದೆ" ಎಂದರು ಲಲಿತಕ್ಕ.

ನಾನು ಅವರ ಮುಖ ನೋಡಿದೆ. ಅವರಿಗೆ ನಾಚಿಕೆಯಾಯಿತು. "ಎಂತ ಮಾಡುದು? ಇವರ ಜೊತೆ ಒಂದು ರಿಕ್ಷಾ, ಒಂದು ಕಾರು ಸುಮ್ಮನೆ ಹತ್ತಲಿಕ್ಕೆ ಉಂಟಾ? ಮದುವೆಗೆ ಹೋದ್ರೂ ಅದೇ, ಆಸ್ಪತ್ರೆಗೆ ಹೋದ್ರೂ ಅದೇ. ಕೇಳು ಲಲಿತ, ಇದು ಎಡ, ಕೇಳು, ಇದು ಬಲ ಅಂತ. ನನಗೆ ತಲೆ ಚಿಟ್ಟು ಹಿಡೀತಿತ್ತು. ಈಗ ಬೇಡ ಅಂದ್ರೂ ಕೇಳ್ತದೆ" ಎಂದರು. ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡರು. ರಸ್ತೆಯಲ್ಲಿ ಯಾವುದಾದರೂ ಗಾಡಿ ಟಕ್ ಟಕ್ ಎಂದು ತಿರುಗಿದರೆ ಪಕ್ಕಕ್ಕೆ ತಿರುಗಿ ನಿನಗೆ ಹೇಳಲು ಹೋಗುತ್ತಾರಂತೆ.

ನಿನ್ನ ದಾರಿಯ ಮೇಲೆ ಇವತ್ತು ಅವರು ನಡೆದರು ಶೀನ. ನಾನು ಮ್ಹಾತ್ರೆಯ ಗಾಡಿಯನ್ನು ಮೈದಾನಕ್ಕೆ ತಂದು ಎಡಕ್ಕೆ ಪೂರ್ತಿ ತಿರುಗಿಸಿ ಸುತ್ತು ಹೊಡೆದೆ, ಆಮೇಲೆ ಬಲಕ್ಕೆ. ಅವರು ಸೀರೆಯ ನೆರಿಗೆ ಎತ್ತಿಕೊಂಡು ಗಾಡಿಯ ಜೊತೆಜೊತೆಗೆ ನಡೆದರು. ಮ್ಹಾತ್ರೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅವರು ನಿಂತರು. ಎಡಗೈ ಎತ್ತಿದರು.

ಬಿಚ್ಚಿ ನೋಡಿದೆ. ಎಡಗಡೆಯದೇ. ಬೂಟಿಗೆ ಏನೂ ಆಗಿರಲಿಲ್ಲ, ಒಳಗೆ ಉಂಡೆ ಕೂರುವ ಜಾಗದಲ್ಲಿ ಉಗುರು ಸಿಕ್ಕುವಷ್ಟು ಗುಂಡಿ. ಹೊಸ ಜಾಯಿಂಟ್ ಹಾಕಿ, ಗ್ರೀಸ್ ತುಂಬಿ, ಕ್ಲಿಪ್ ಬಿಗಿದು ಮತ್ತೆ ಸುತ್ತು ಹೊಡೆದೆ. ಅವರು ಎರಡೂ ಕೈ ಕೆಳಗೆ ಬಿಟ್ಟು ನಿಂತರು. ಮ್ಹಾತ್ರೆ ಹೋದ ಮೇಲೆ ಇಬ್ಬರೂ ಚಹಾ ಕುಡಿಯಲು ಕೂತೆವು. ನನ್ನ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು.

"ಅಕ್ಕ, ಕೈ ಯಾಕೆ ಎತ್ತಿದಿರಿ? ಎಡ ಅಂತ ಬಾಯಲ್ಲಿ ಹೇಳಬಹುದಿತ್ತಲ್ಲ?"

"ಬಾಯಲ್ಲಿ ಹೇಳಿದ್ರೆ ನಿಮಗೆ ಕೇಳ್ತದಾ?" ಎಂದರು, ಬಹಳ ಸಾಮಾನ್ಯವಾಗಿ, ನನ್ನ ಕಡೆಗೆ ಮುಖ ತಿರುಗಿಸಿ, ತುಟಿ ಕಾಣುವ ಹಾಗೆ. "ಅವರು ಸುರುವಿನಿಂದ ಹೇಳ್ತಿದ್ರು. ವಾಸುವನ್ನು ಕೂಗಬಾರ್ದು, ಕೇಳದಿದ್ರೆ ಅವನಿಗೆ ಬೇಜಾರಾಗ್ತದೆ, ಕೈ ಎತ್ತಿದ್ರೆ ಆಯ್ತು ಅಂತ."

ನಾನು ಚಹಾದ ಲೋಟ ಕೆಳಗಿಟ್ಟೆ. ಆಮೇಲೆ, "ಕೂತರೆ ಸೊಂಟ ನೋಯುತ್ತದೆ ಅಂತ ನನ್ನನ್ನೇ ಓಡಿಸಲು ಕೂರಿಸುತ್ತಿದ್ದನಲ್ಲ ಅಕ್ಕ" ಎಂದೆ.

"ಸೊಂಟನೋವಾ? ಅವರಿಗೆ ಯಾವ ಸೊಂಟನೋವೂ ಇರ್ಲಿಲ್ಲ ವಾಸಣ್ಣ. ನೀವು ಊರಿಂದ ತರ್ತಿದ್ದ ಎಣ್ಣೆ ಬಾಟ್ಲಿ ಎಲ್ಲ ಕಪಾಟಿನಲ್ಲಿ ಹಾಗೇ ಉಂಟು. ಬೂಚು ಸಹ ತೆಗೀಲಿಲ್ಲ. ಎಸೀಲಿಕ್ಕೂ ಬಿಡ್ಲಿಲ್ಲ ನನ್ನನ್ನು."

ಸಿಟ್ಟು ಬರುತ್ತದೆ ಶೀನ. ಇಷ್ಟು ವರ್ಷ ಬಿಸಿಲಿನಲ್ಲಿ, ಕೆಸರಿನಲ್ಲಿ ನಡೆದೆ, ನನ್ನ ತಮಾಷೆಗೆಲ್ಲ ಸೊಂಟ ಹಿಡಿದು ನರಳಿದೆ. ಒಂದು ದಿನ ಹೇಳಬಾರದಿತ್ತಾ? ಹೇಳಿದ್ದರೆ ನಾನು... ಹೌದು, ಹೇಳಿದ್ದರೆ ಮರುದಿನ ನಾನು ಬರುತ್ತಿರಲಿಲ್ಲ. ಅದೂ ನಿನಗೆ ಗೊತ್ತಿತ್ತು.

ಟೈರ್ ಅಂಗಡಿಯವನಿಗೆ ಸಂಜೆಯೇ ಹೋಗಿ ಗಾಳಾ ಕೊಡುವುದಿಲ್ಲ ಎಂದು ಹೇಳಿ ಬಂದೆ. ಲಲಿತಕ್ಕ ಮಂಗಳವಾರ, ಶನಿವಾರ ಬರುತ್ತಾರೆ, ಸದ್ದಿನ ಗಾಡಿಗಳನ್ನೆಲ್ಲ ಆ ದಿನಗಳಿಗೇ ಕರೆಯುತ್ತೇನೆ. ಅವರ ಪಾಲು ನಿನ್ನ ಪಾಲೇ. ಪೀಠದ ಮೇಲೆ ಮ್ಹಾತ್ರೆಯ ಹಳೆಯ ಜಾಯಿಂಟ್ ತೊಳೆದಿಟ್ಟೆವು, ಕುಂಕುಮ ನಾನೇ ಹಚ್ಚಿದೆ. ಹೊರಡುವಾಗ ಲಲಿತಕ್ಕ ಆ ಬಾಟ್ಲಿಗಳನ್ನು ಏನು ಮಾಡಲಿ ಎಂದು ಕೇಳಿದರು. ಎಸೆಯಬೇಡಿ, ಶನಿವಾರ ಬರುವಾಗ ಒಂದನ್ನು ತನ್ನಿ ಎಂದೆ. ಸ್ಟೇರಿಂಗಿನ ಮುಂದೆ ಇಷ್ಟು ವರ್ಷ ಕೂತದ್ದು ನಾನಲ್ಲವಾ, ಸೊಂಟನೋವು ಇರುವುದು ನನಗೆ.

ನಿನ್ನ
ವಾಸು