ಕೆಂಪು ದೀಪದ ಮೇಲಿನ ಟೇಪು

ತಮ್ಮಾ,

ಎದ್ದವನೇ ಕಾರಿನ ಕೀಲಿ ಹುಡುಕಬೇಡ, ಗಾಡಿ ಗ್ಯಾರೇಜಿನಲ್ಲಿದೆ. ನಿನ್ನೆ ಸೇತುವೆಯ ಮೇಲೆ ಬುಸುಬುಸು ಹೊಗೆಯೆಬ್ಬಿಸಿ ನಿಂತುಬಿಟ್ಟಿತು. ಹಿಂದಿನ ಸೀಟಿನಲ್ಲಿ ಅಪ್ಪ ಇದ್ದರು. ಆರು ತಿಂಗಳು ಕಾದು ಪಡೆದಿದ್ದ ಕಣ್ಣಿನ ಆಪರೇಷನ್ನಿನ ಸರದಿ ತಪ್ಪಿಹೋಯಿತು.

ರೇಡಿಯೇಟರ್ ಪೈಪು ಸೋರಿ, ಎಂಜಿನ್ ಕಾದು, ಹೆಡ್ ಗ್ಯಾಸ್ಕೆಟ್ ಸುಟ್ಟಿದೆಯಂತೆ. ಎಂಟುನೂರರಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಇಪ್ಪತ್ತೆರಡು ಸಾವಿರ. "ನೀರು ಕಮ್ಮಿಯಾದ್ರೆ ಕೆಂಪು ದೀಪ ಹತ್ತುತ್ತಲ್ಲ, ಹತ್ತಲಿಲ್ವೇನಮ್ಮಾ?" ಎಂದು ಮೆಕ್ಯಾನಿಕ್ ಕೇಳಿದ. ಅದನ್ನು ಹೋದ ವಾರವೇ ನನ್ನ ತಮ್ಮ ರಿಪೇರಿ ಮಾಡಿಸಿದ್ದಾನೆ ಎಂದೆ, ಜಂಬದಿಂದ. ಅವನು ಕೀಲಿ ತಿರುಗಿಸಿ, ಡ್ಯಾಶ್‌ಬೋರ್ಡಿಗೆ ಅಂಟಿದ್ದ ಕಪ್ಪು ಟೇಪಿನ ತುಂಡನ್ನು ಉಗುರಿನಲ್ಲಿ ಕಿತ್ತು ನನ್ನ ಕೈಗಿಟ್ಟ. ಅದರಡಿ ದೀಪ ಉರಿಯುತ್ತಿತ್ತು. "ಸರಿಮಾಡ್ಸಿದೀನಿ ಅಕ್ಕಾ, ಇನ್ನು ಹತ್ತಲ್ಲ" ಅಂದಿದ್ದೆಯಲ್ಲೋ, ನಾಚಿಕೆಗೆಟ್ಟವನೇ!

ಹನ್ನೊಂದಕ್ಕೆ ಅಪ್ಪನ ಕಣ್ಣಿಗೆ ಔಷಧಿ ಹಾಕು, ಕೈ ತೊಳೆದುಕೊಂಡು. "ಹಳೇ ಗಾಡಿ, ಪಾಪ ಅವನೇನ್ ಮಾಡ್ತಾನೆ" ಎಂದು ಅವರು ಇನ್ನೂ ನಿನ್ನ ಪರವೇ ವಹಿಸುತ್ತಿದ್ದಾರೆ. ಸಂಜೆ ನಾನು ಬರುವಷ್ಟರಲ್ಲಿ ಅವರಿಗೆ ನಿನ್ನ ಬಾಯಿಂದಲೇ ನಿಜ ಗೊತ್ತಾಗಿರಬೇಕು.

ಈ ಚೀಟಿಯನ್ನು ಅವರ ಕುರ್ಚಿಯ ಎದುರಿನ ಗೋಡೆಗೇ ಅಂಟಿಸಿದ್ದೇನೆ. ಅವರಿಗೆ ಓದಲು ಕಣ್ಣು ಕಾಣುವುದಿಲ್ಲ. ಟೇಪು ನಿನ್ನದೇ.