ಖಾಲಿ ಹೋದ ಹತ್ತೂವರೆ ಬಸ್ಸು

ಗುರುವಾರ, ಹದಿನಾಲ್ಕನೇ ತಾರೀಖು

ನನ್ನ ಮುದ್ದಿನ ಮಗಳಿಗೆ, ನಿನ್ನಪ್ಪನ ಆಶೀರ್ವಾದಗಳು.

ಮೂರು ವಾರದಿಂದ ಕಾಗದ ಬರೆಯದ ಈ ಅಪರಾಧಿಯನ್ನು ಕ್ಷಮಿಸು ತಾಯಿ! ಬೀದಿ ನಡುಗುವಂತೆ ಗರ್ಜಿಸುತ್ತಿದ್ದವನ ಬಾಯಿ ಕಟ್ಟಿಹೋಗಿತ್ತು. ಸುದ್ದಿ ಇಷ್ಟೇ: ನಮ್ಮ ಬಡಾವಣೆಯ ಬಸ್ಸು ನಿಂತುಹೋಯಿತು. ಲಕ್ವ ಹೊಡೆದ ಕೈಕಾಲಿಗೆ ವ್ಯಾಯಾಮ ಮಾಡಿಸಿಕೊಳ್ಳಲು ನಿನ್ನಮ್ಮ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗುತ್ತಿದ್ದ ಅದೇ ಬಸ್ಸು.

ನಿಲ್ಲಿಸಿದವರು ಯಾರು ಗೊತ್ತೆ? 'ಕಾರು ಬಿಡಿ, ಬಸ್ಸು ಹತ್ತಿ' ಎಂದು ಮನೆಮನೆ ಬಾಗಿಲು ತಟ್ಟಿದ ನಮ್ಮ ಸಮಿತಿಯೇ!

ಈ ಬಸ್ಸಿಗೆ ಜನವೇ ಇಲ್ಲವೆಂದು ಸಾರಿಗೆ ಕಚೇರಿಯವರು ತಲೆ ಎಣಿಸಲು ಒಬ್ಬ ಅಧಿಕಾರಿಯನ್ನು ಕಳಿಸಿದ್ದರು. ಹತ್ತೂವರೆ ಬಸ್ಸಿನ ಲೆಕ್ಕದ ಮೇಲೆ ತೀರ್ಮಾನ. ಬಿಡುತ್ತೇನೆಯೇ? ಜನ ಸೇರಿಸಿ ಬಸ್ಸು ತುಂಬಿಸೋಣವೆಂದು ನಿಲ್ದಾಣದಲ್ಲೇ ನಾಟಕ ಹೂಡಿದೆ. ನಾನು ಕಾರು ಮಹಾರಾಜ, ತಲೆಯ ಮೇಲೆ ಹಳೇ ಸ್ಟಿಯರಿಂಗಿನ ಕಿರೀಟ. ಎದುರುಮನೆ ದರ್ಜಿ ಕರಿ ಬಟ್ಟೆ ಹೊದ್ದು ಕಾರಿನ ಹೊಗೆಯಾದ. 'ಅಣ್ಣಾ, ಈ ಸೆಕೇಲಿ ಹೊಗೆಗೇ ಉಸಿರು ಕಟ್ತಿದೆ!' ಎಂದು ಒಳಗಿಂದಲೇ ಗೊಣಗಿದ. ನಾನು ಅಬ್ಬರಿಸಿದೆ: 'ಎಲವೋ ಬಸ್ಸೇ, ನಿನ್ನನ್ನು ಹತ್ತುವ ಗಂಡೆದೆ ಯಾರಿಗಿದೆ ತೋರಿಸು!' ಜನ ಕೇಕೆ ಹಾಕಿದರು. ಬಸ್ಸಿನಲ್ಲಿ ಕೂತಿದ್ದವರೂ ಇಳಿದು ಬಂದರು.

ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. 'ಯಜಮಾನ್ರೇ, ಹೊತ್ತಾಯ್ತು, ಜನಾನ ಹತ್ತಿಸಿ!'

'ಇನ್ನೊಂದೇ ದೃಶ್ಯ ಕಣಯ್ಯಾ!' ಎಂದೆ.

ಬಸ್ಸು ಹೊರಟುಹೋಯಿತು. ಅಧಿಕಾರಿ ಚಪ್ಪಾಳೆಯನ್ನೂ ತಟ್ಟಿದ, ಪುಸ್ತಕದಲ್ಲಿ ಸೊನ್ನೆಯನ್ನೂ ಬರೆದ. 'ನಾಟಕ ಭಾರಿ ಚೆನ್ನಾಗಿತ್ತು ಸಾರ್. ಆದ್ರೆ ನಾನು ಎಣಿಸ್ಬೇಕಾದ್ದು ಬಸ್ಸಿನೊಳಗಿನ ತಲೆ.'

ಆಮೇಲೆ ಅರ್ಜಿ ಹಿಡಿದು ಕಚೇರಿ ಮೆಟ್ಟಿಲು ಹತ್ತಿದ್ದೇ ಬಂತು. ಸಮಿತಿ ಚದುರಿತು. ದರ್ಜಿ ಸ್ಕೂಟರ್ ತಂದ. ನನ್ನ ಮುಖ ನೋಡದೆ ಹೋಗುತ್ತಾನೆ, ಪಾಪ. ದಿನ ಬಿಟ್ಟು ದಿನ ಬಾಡಿಗೆ ಕಾರು ನಮ್ಮ ಕೈಗೆಟುಕುವ ಮಾತಲ್ಲ. 'ನಂಗೇನೂ ಆಗಿಲ್ಲ ಬಿಡಿ' ಎನ್ನುತ್ತಾಳೆ ನಿನ್ನಮ್ಮ. ಅವಳ ಬಲಗೈಯಲ್ಲಿ ಲೋಟ ನಿಲ್ಲತೊಡಗಿತ್ತು. ಈಗ ಮತ್ತೆ ಜಾರುತ್ತಿದೆ.

ನೀನಾದರೂ ನಗುನಗುತ್ತಾ ಬಾಳು ಮಗು.

ನಿನ್ನ ಅಪ್ಪ

ತಾ.ಕ.: ಒಂದು ಮಾತು ಮುಚ್ಚಿಟ್ಟೆ. ಆ ದಿನ ಎಲ್ಲರೂ ಇಳಿದರೂ ನಿನ್ನಮ್ಮ ಇಳಿದಿರಲಿಲ್ಲ. ಕಿಟಕಿಯಿಂದ, 'ನಾಟಕ ಸಾಕು ರೀ, ಎಲ್ಲಾರ್ನೂ ಹತ್ತಿಸಿ. ಅವರು ಎಣಿಸೋದು ಒಳಗಿರೋರನ್ನ' ಎಂದಳು. 'ಗಂಡನ ನಾಟಕ ನೋಡೋಕೂ ಇಳಿಯೋಲ್ವೇನೇ?' ಎಂದು ಎಲ್ಲರೆದುರು ಗದರಿದೆ. ಎಡಗೈಯಲ್ಲಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಆ ಮಾತನ್ನು ಅವಳು ಈವರೆಗೆ ಎತ್ತಿಲ್ಲ ಮಗಳೇ. ಒಮ್ಮೆ ಬಾಯಿ ತುಂಬ ಬೈಯಲಿ ಎಂದು ಕಾದು ಕೂತಿದ್ದೇನೆ.