ದೋಣಿಯಲ್ಲಿ ಹೊಡೆದ ಮೂರು ಏಟು

ಮೇ ೧೪, ಬುಧವಾರ. ಡುಮಗೆಟೆ.

ಎಷ್ಟು ತೊಳೆದರೂ ಬೆರಳ ಸಂದಿಯಿಂದ ರಕ್ತದ ವಾಸನೆ ಹೋಗುತ್ತಿಲ್ಲ. ನನ್ನ ರಕ್ತವಲ್ಲ.

ಸಿಕಿಹೋರ್ ದ್ವೀಪದಲ್ಲಿ, ಇಲ್ಲಿಗೆ ಬರುವ ದೋಣಿ ಹತ್ತುವ ಮೊದಲೇ ಮಕ್ಕಳಿಬ್ಬರ ತೋಳಿನ ಮೇಲೆ ನನ್ನ ಫೋನ್ ನಂಬರು ಬರೆದು, ಮನೆಯಿಂದ ತಂದ ಲೈಫ್ ಜಾಕೆಟ್ ತೊಡಿಸಿದ್ದೆ. ಪಕ್ಕದಲ್ಲಿದ್ದ ಮೀನು ಮಾರುವವಳು ನಕ್ಕಳು. "ಏನಕ್ಕಾ, ಮುಳುಗೋಕೆ ಮನೆಯಿಂದ್ಲೇ ರೆಡಿಯಾಗಿ ಬಂದಿದ್ದೀಯಾ?"

ಅರ್ಧ ದಾರಿಯಲ್ಲಿ ಎಂಜಿನ್‌ಗೆ ಬೆಂಕಿ ಹತ್ತಿತು. ಹೊಗೆ ನುಗ್ಗಿದ್ದೇ ತಡ, ಜನ ಒಬ್ಬರನ್ನೊಬ್ಬರು ತುಳಿಯತೊಡಗಿದರು. ದೋಣಿಯಲ್ಲಿದ್ದ ಜಾಕೆಟ್‌ಗಳಲ್ಲಿ ಮಕ್ಕಳ ಅಳತೆಯದು ಒಂದೂ ಇರಲಿಲ್ಲ. ಒಬ್ಬ ಗಂಡಸು ನನ್ನ ನಾಲ್ಕು ವರ್ಷದ ಮಗ ಬೆಂಜೊನನ್ನು ನೆಲಕ್ಕೊತ್ತಿ ಅವನ ಜಾಕೆಟ್ ಕೀಳತೊಡಗಿದ. ಮಗು ಉಸಿರುಗಟ್ಟಿ ಒದ್ದಾಡುತ್ತಿತ್ತು. ನೀರಿನ ಸ್ಟೀಲ್ ಬಾಟಲಿ ಎತ್ತಿ ಅವನ ಮುಖಕ್ಕೆ ಬಡಿದೆ. ಮೂಗು ಮುರಿದ ಸದ್ದು ಕೇಳಿಸಿತು. ಮತ್ತೆ ಎರಡು ಸಲ ಬಡಿದೆ.

ಅವನು ಕುಸಿದು ಬಿದ್ದ. "ನನ್ ಮಗಳಿಗೆ ಅಕ್ಕಾ, ನನ್ ಮಗಳಿಗೆ..." ಅನ್ನುತ್ತಿದ್ದ. ಅವನ ಅಂಗಿ ಹಿಡಿದು, ಬೆಂಜೊನಷ್ಟೇ ಎತ್ತರದ ಹುಡುಗಿ ನಿಂತಿದ್ದಳು, ಜಾಕೆಟ್ ಇಲ್ಲದೆ.

ಮೀನುಗಾರರ ದೋಣಿಗಳು ಬಂದು ಎಲ್ಲರನ್ನೂ ಇಳಿಸಿಕೊಂಡವು. ಯಾರೂ ಸಾಯಲಿಲ್ಲ. ಬಂದರಿನಲ್ಲಿ ಆ ಗಂಡಸನ್ನು ಮಂಚದ ಮೇಲೆ ಮಲಗಿಸಿ ಮುಖಕ್ಕೆ ಹೊಲಿಗೆ ಹಾಕುತ್ತಿದ್ದರು. ಹತ್ತಿರ ಹೋದೆ. ಆ ಹುಡುಗಿ ನನ್ನನ್ನು ಕಂಡು ಕಿರುಚಿ ಮಂಚದ ಕೆಳಗೆ ಸೇರಿಕೊಂಡಳು.

ಮಲಗುವ ಮುಂಚೆ ದೊಡ್ಡವಳು ಲುನಿಂಗ್ ಕೇಳಿದಳು, "ಅಮ್ಮಾ, ಆ ಪಾಪು ನಿಂಗೆ ಮೊದ್ಲೇ ಕಂಡಿದ್ರೆ ಹೊಡೀತಿರ್ಲಿಲ್ಲ ಅಲ್ವಾ?"

"ಹೊಡೀತಿರ್ಲಿಲ್ಲ ಪುಟ್ಟಾ."

ಸುಳ್ಳು. ಮೊದಲ ಏಟಿಗೇ ಅವನು ಜಾಕೆಟ್ ಬಿಟ್ಟಿದ್ದ. ಆ ಹುಡುಗಿಯೂ ನನ್ನ ಕಣ್ಣಿಗೆ ಬಿದ್ದಿದ್ದಳು. ಆಮೇಲೂ ನಾನು ಎರಡು ಸಲ ಬಡಿದೆ.